ಡ್ರಿಲ್ ಮೇಷ್ಟ್ರ ಮನೆಯ ಕಸರತ್ತು

ಡ್ರಿಲ್ ಮೇಷ್ಟ್ರಿಗೆ ನೋವು ಅಂದರೆ ನಂಬಿಕೆಯೇ ಇರಲಿಲ್ಲ. ಎಲ್ಲಿಂದ ಬರಬೇಕು ಹೇಳಿ? ಸರ್ವಿಸ್ ಪೂರ್ತಿ ಶಾಲೆಯ ಮೈದಾನದಲ್ಲಿ ಕೇಳಿದ್ದೆಲ್ಲ ಬರೀ ನೆವ. ಓಡು ಅಂದರೆ ಹೊಟ್ಟೆನೋವು, ಬಗ್ಗು ಅಂದರೆ ಸೊಂಟ ಹಿಡಿದಿದೆ, ಬೆಲ್ ಹೊಡೆದರೆ ಎಲ್ಲ ಮಾಯ. ಸೀಟಿ ಊದಿ ಇನ್ನೊಂದು ಸುತ್ತು ಓಡಿಸಿದರೆ ಎಂಥ ನೋವೂ ಓಡಿಹೋಗುತ್ತದೆ ಅನ್ನುವುದು ಅವರ ಸಿದ್ಧಾಂತ.

ಹಾಗಾಗಿ ಹೆಂಡತಿ ಒಂದು ಬೆಳಿಗ್ಗೆ, "ರೀ, ಸೊಂಟದ ಕೆಳಗಿಂದ ತೊಡೆಸಂದಿನವರೆಗೂ ಎಳೀತಿದೆ" ಅಂದಾಗ ಮೇಷ್ಟ್ರು ನಕ್ಕುಬಿಟ್ಟರು.

"ಕೂತು ಕೂತು ಮೈ ಜಡ್ಡುಗಟ್ಟಿದೆ ಕಣೆ. ನಾಳೆಯಿಂದ ಕಸರತ್ತು ಮಾಡು, ನಾನು ಹೇಳ್ಕೊಡ್ತೀನಿ."

ಕೂತು ಕೂತಂತೆ! ಆಕೆ ದಿನವಿಡೀ ಲಾಂಡ್ರಿಯಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಂತಿರುವವಳು. ಕೂರಲು ಪುರುಸೊತ್ತಾದರೂ ಎಲ್ಲಿತ್ತು? ಆದರೂ ಎದುರಾಡಲಿಲ್ಲ. ಮೈ ವಿಚಾರ ಗಂಡನಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ ಅಂತ ಅವಳ ನಂಬಿಕೆ.

ಕುರ್ಚಿ ಹಿಡಿದು ಕಾಲೆತ್ತುವುದು, ಕುಕ್ಕರಗಾಲಲ್ಲಿ ಕೂತು ಏಳುವುದು, ಆಮೇಲೆ ಮಹಡಿ ಮೆಟ್ಟಿಲು ಹತ್ತಿ ಇಳಿಯುವುದು. ಸ್ವಲ್ಪ ದಿನಕ್ಕೇ ಆಕೆ ಕುಂಟತೊಡಗಿದಳು.

"ಮಾಡಿದಷ್ಟೂ ಜಾಸ್ತಿ ಆಗ್ತಿದೆ ಕಣ್ರೀ. ಮಲಗಿದ್ರೆ ಪರವಾಗಿಲ್ಲ, ಕಾಲೂರಿದ್ರೆ ಜೀವ ಹೋಗತ್ತೆ."

"ನನ್ ಹತ್ರ ಆ ಆಟ ನಡೆಯಲ್ಲ. ಏಳು."

ಮೈದಾನದ ಮಾತು, ಬಾಯಿಗೆ ಹತ್ತಿಬಿಟ್ಟಿತ್ತು. ಆಕೆ ಹಲ್ಲು ಕಚ್ಚಿಕೊಂಡು ಎದ್ದಳು. ಸಂಜೆ ಪಕ್ಕದ ಬೀದಿಯ ಅಕ್ಕನ ಮನೆಗೆ ನಡೆದುಹೋಗಿ ಹರಟಿ ಬರುವುದೊಂದೇ ಅವಳಿಗಿದ್ದ ಸುಖ. ಅದೂ ನಿಂತಿತು.

ತಂಗಿ ಬರಲಿಲ್ಲವಲ್ಲ ಅಂತ ಅಕ್ಕನೇ ಬಂದಳು. ಗೋಡೆ ಹಿಡಿದು ಬಾಗಿಲು ತೆಗೆದವಳನ್ನು ತೋಳು ಹಿಡಿದು ಕೂರಿಸಿ, ಕಸರತ್ತಿನ ಕಥೆಯನ್ನೆಲ್ಲ ಕೇಳಿ ತಿಳಿದುಕೊಂಡಳು. "ಇವಳೇನು ನಿಮ್ಮ ಶಾಲೆ ಹುಡುಗೀನಾ? ಮೊದಲು ಆಸ್ಪತ್ರೆಗೆ ನಡೀರಿ" ಅಂತ ಮೇಷ್ಟ್ರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದಳು.

ಡಾಕ್ಟರು ಸ್ಕ್ಯಾನ್ ಮೇಲೆ ಬೆರಳಿಟ್ಟು ತೋರಿಸಿದರು.

"ತೊಡೆಮೂಳೆಯ ತಲೆಗೆ ರಕ್ತ ಹೋಗ್ತಿಲ್ಲ. ಮೂಳೆ ಸತ್ತು ಕುಸಿದಿದೆ. ಶುರುವಾದಾಗ್ಲೇ ಬಂದು, ಕಾಲಿನ ಮೇಲೆ ಭಾರ ಬೀಳದ ಹಾಗೆ ನೋಡ್ಕೊಂಡಿದ್ರೆ ಉಳಿಸೋಕೆ ನೋಡಬಹುದಿತ್ತು. ಈಗ ಕೀಲು ಬದಲಾಯಿಸಬೇಕು, ಆದ್ರೆ ಇವರ ಹೃದಯ ತುಂಬ ವೀಕ್ ಅಂತ ಟೆಸ್ಟ್‌ನಲ್ಲಿ ಬಂದಿದೆ, ಅಷ್ಟು ದೊಡ್ಡ ಆಪರೇಷನ್ ತಡೆಯಲ್ಲ." ಆಮೇಲೆ ಕೇಸ್ ಶೀಟಿನಲ್ಲಿ ಬರೆದಿದ್ದ ಕಸರತ್ತಿನ ವಿಷಯ ಓದಿ, ತಲೆಯೆತ್ತಿ ಕೇಳಿದರು, "ಇಂಥ ಕಾಲಲ್ಲಿ ಕಸರತ್ತು ಮಾಡಿ ಅಂದೋರು ಯಾರು?"

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು.

"ಯಾರೂ ಹೇಳ್ಲಿಲ್ಲ ಡಾಕ್ಟ್ರೇ," ಅಂದಳು ಹೆಂಡತಿ. "ನಾನೇ ಮಾಡ್ದೆ."

ಲಾಂಡ್ರಿ ಕೆಲಸ ಹೋಯಿತು. ಮನೆಯೊಳಗೂ ವಾಕರ್ ಹಿಡಿದೇ ಓಡಾಟ, ಉಳಿದಂತೆ ಹಾಸಿಗೆ. ಮೇಷ್ಟ್ರು ಅಡಿಗೆ ಕಲಿತರು, ಬಟ್ಟೆ ಒಗೆದರು. ಕ್ಷಮಿಸು ಅನ್ನೋಣ ಅಂತ ಬಾಯಿ ತೆರೆದಾಗಲೆಲ್ಲ ಆಕೆ ಬೇರೆ ಮಾತು ತೆಗೆಯುತ್ತಿದ್ದಳು.

ಒಂದು ಬೆಳಿಗ್ಗೆ ಬಿಸಿನೀರಿನ ಚೀಲ ಹಿಡಿದು ಕೋಣೆಗೆ ಬಂದರು. ಜೋಂಪಿನಲ್ಲಿದ್ದ ಆಕೆ ಅವರ ಹೆಜ್ಜೆ ಸಪ್ಪಳಕ್ಕೆ ಬೆಚ್ಚಿ, ಮಂಚದ ಅಂಚು ಹಿಡಿದು ಏಳಲು ಹೆಣಗಿದಳು.

"ಎದ್ದೆ ರೀ, ಎದ್ದೆ. ಈಗಷ್ಟೇ ಮಲಗಿದ್ದು."

"ಬೇಡ, ಮಲಕ್ಕೋ" ಅಂತ ಮೇಷ್ಟ್ರು ಅವಳ ಭುಜ ಹಿಡಿದರು.

ಆಕೆ ನಿದ್ದೆಗಣ್ಣಲ್ಲಿ ಅವರ ಮುಖವನ್ನೇ ನೋಡಿದಳು.

"ನಿಜವಾಗ್ಲೂ ನೋಯ್ತಿದೆ ಕಣ್ರೀ" ಅಂದಳು, ಇವತ್ತಾದರೂ ನಂಬುತ್ತಾರೇನೋ ಅನ್ನುವ ಹಾಗೆ.