ಗೋಡೆಯ ಮದ್ದು ಮೇಲ್ಕೆರೆ ಸೇರಿದ್ದು

ನಾನು ಡಿಡಿಟಿ ಎಂಬ ಬಿಳಿ ಪುಡಿಯ ಒಂದು ಕಣ. ಹುಟ್ಟಿದ್ದು ಕಾರ್ಖಾನೆಯ ಕೊಪ್ಪರಿಗೆಯಲ್ಲಿ. ಸೊಳ್ಳೆಯನ್ನು ಕೊಲ್ಲಬೇಕು, ಮಕ್ಕಳು ಉಳಿಯಬೇಕು ಎಂದೇ ನಮ್ಮನ್ನು ಚೀಲಕ್ಕೆ ತುಂಬಿದರು. ಕೆಲಸ ಮುಗಿದ ಮೇಲೆ ಸಾಯುವುದು ಹೇಗೆಂದು ಮಾತ್ರ ಯಾರೂ ಹೇಳಿಕೊಡಲಿಲ್ಲ. ನನ್ನ ತಾಪತ್ರಯವೆಲ್ಲ ಅಲ್ಲಿಂದಲೇ ಶುರು.

ಮಲೇರಿಯಾದವರು ನನ್ನನ್ನು ನೀರಿಗೆ ಕಲಸಿ, ನಾಲೆ ಬಯಲಿನ ಹಳ್ಳಿಯೊಂದರಲ್ಲಿ ಮಣ್ಣುಗೋಡೆಗೆ ಹೊಡೆದರು. ಆ ಮನೆಯ ಗಂಡುಮಕ್ಕಳಿಬ್ಬರೂ ಚಳಿಜ್ವರಕ್ಕೆ ತೀರಿಹೋಗಿದ್ದರು. ಉಳಿದವಳು ಸಿದ್ದಾಜಿ ಎಂಬ ಪುಟ್ಟ ಹುಡುಗಿ. ಜ್ವರಕ್ಕೆ ಪಕ್ಕೆಯ ಕೆಳಗೆ ಊದಿಕೊಂಡ ಜ್ವರಗೆಡ್ಡೆ ಕರಗಲೆಂದು ಅವಳ ಹೊಟ್ಟೆಯ ಮೇಲೆ ಬರೆ ಹಾಕಿದ್ದರು. ನನ್ನ ಮೇಲೆ ಕೂತ ಸೊಳ್ಳೆಗಳು ಪಟಪಟನೆ ಉದುರಿದವು, ಹುಡುಗಿ ಬದುಕಿದಳು. ನಾನು ಬೀಗಿದೆ. ಬೀಗಿದರೆ ಯಾರಪ್ಪನ ಗಂಟು ಹೋಗುತ್ತದೆ?

ಹಬ್ಬಕ್ಕೆ ಅವಳವ್ವ ಗೋಡೆ ಸಾರಿಸುವಾಗ ನನ್ನನ್ನು ಕೆರೆದು ಅಂಗಳಕ್ಕೆ ಹಾಕಿದಳು. ಬಿಸಿಲಿಗೆ ಆವಿಯಾಗಿ ಎದ್ದೆ, ತಂಪಿಗೆ ಇಳಿದೆ, ಮತ್ತೆ ಎದ್ದೆ. ಹೀಗೆ ವರ್ಷಾನುಗಟ್ಟಲೆ ಅಲೆದ ಮೇಲೆ ಬೆಟ್ಟದ ನೆತ್ತಿಯ ಮಂಜು ನನ್ನನ್ನು ಹಿಡಿದು ಮೇಲ್ಕೆರೆಗೆ ಕೆಡವಿತು. ಆ ಥಂಡಿಯಲ್ಲಿ ಮತ್ತೆ ಏಳಲಾಗಲಿಲ್ಲ. ಸುತ್ತ ನೋಡಿದರೆ ಕಾರ್ಖಾನೆಯಿಲ್ಲ, ಹೊಲಕ್ಕೆ ಮದ್ದು ಹೊಡೆಯುವವರಿಲ್ಲ, ಸೊಳ್ಳೆಯೂ ಅಷ್ಟಕ್ಕಷ್ಟೆ. ಇಲ್ಲಿ ನನಗೇನು ಕೆಲಸ? ತಲೆಬುಡ ತಿಳಿಯಲಿಲ್ಲ. ಕೆಸರಿನಲ್ಲಿ ನನ್ನಂಥವರು ಇನ್ನೂ ಎಷ್ಟೋ ಮಂದಿ ಕೂತಿದ್ದರು. ಅವರಿಗೂ ಗೊತ್ತಿರಲಿಲ್ಲ.

ನನ್ನನ್ನು ಹುಳ ತಿಂದಿತು, ಹುಳವನ್ನು ಮರಿಮೀನು, ಮರಿಮೀನನ್ನು ದೊಡ್ಡ ಮೀನು. ಯಾರ ಹೊಟ್ಟೆಯಲ್ಲೂ ನಾನು ಕರಗಲಿಲ್ಲ. ಕಡೆಗೆ ಆ ಕೆರೆಯ ಅತಿ ಹಳೆಯ ಮೀನಿನ ಕೊಬ್ಬಿನಲ್ಲಿ ಬೀಡುಬಿಟ್ಟೆ.

ಬೆಟ್ಟದ ಊರಿನವರು ಮೇಲ್ಕೆರೆಗೆ ಬಲೆ ಹಾಕುವುದಿಲ್ಲ. ಮನೆಯಲ್ಲಿ ಹೆರಿಗೆಯಾದರೆ ಮಾತ್ರ ಒಂದು ಮೀನು ಹಿಡಿಯುತ್ತಾರೆ, ಅದೂ ಇದ್ದುದರಲ್ಲಿ ಹಳೆಯದನ್ನು. ಆ ತಿಳಿನೀರನ್ನು ಹೆಚ್ಚು ಕಾಲ ಕುಡಿದ ಮೀನೇ ಹೆಚ್ಚು ಶುದ್ಧ, ಅದರ ಕೊಬ್ಬು ತಿಂದರೆ ಬಾಣಂತಿಗೆ ಹಾಲು ತುಂಬುತ್ತದೆ ಎಂದು ಅವರ ನಂಬಿಕೆ. ಹಿಡಿದ ಮೇಲೆ ಎಸೆಯುವಂತಿಲ್ಲ, ಕೆರೆಯಮ್ಮ ಮುನಿಯುತ್ತಾಳೆ.

ನನ್ನ ಮೀನು ಹೋದದ್ದು ನೀಲವೇಣಿ ಎಂಬ ಬಾಣಂತಿಗೆ. ಸಾರು ಕುದಿಸಿ ಬಟ್ಟಲಿಗೆ ಬಡಿಸಿದವಳು ಅವಳ ಅಜ್ಜಿ. ಹಿಂದಿನ ವರ್ಷ ಕೆರೆಯ ಕೆಸರನ್ನೂ ಮೀನನ್ನೂ ಪರೀಕ್ಷೆಗೆ ಒಯ್ದಿದ್ದ ಪ್ರಯೋಗಾಲಯದ ಮೇಡಂ ಅದೇ ಹೊತ್ತಿಗೆ ಬಂದರು. ಹಳೆಯ ಮೀನಿನ ಕೊಬ್ಬಿನಲ್ಲಿ ಡಿಡಿಟಿ ಸೇರಿಕೊಂಡಿದೆ, ತಾಯಿ ತಿಂದರೆ ಹಾಲಿನಲ್ಲಿ ಕೂಸಿಗೂ ಇಳಿಯುತ್ತದೆ, ತಿನ್ನಬೇಡಿ ಎಂದರು.

ಅಜ್ಜಿ ನಕ್ಕುಬಿಟ್ಟಳು. “ಗ್ವಾಡೆಗೆ ಹೊಡೀತಿದ್ರಲ್ಲ, ಆ ಬಿಳೀ ಔಸ್ದಿಯಾ? ನಮ್ಮಣ್ಣದೀರು ಇಬ್ರೂ ಜರದಲ್ಲಿ ಹೋದ್ರು ಕನವ್ವ. ಅದು ಬಂದ್ಮೇಲೆ ಈ ಸಿದ್ದಾಜಮ್ಮ ಉಳ್ಕಂಡ್ಳು. ಅದೆಂಗೆ ಇಸ ಆದದು?” ಎಂದು ಸೀರೆಯ ಮೇಲಿಂದಲೇ ಹೊಟ್ಟೆಯ ಬರೆಯನ್ನು ಮುಟ್ಟಿಕೊಂಡಳು.

ನನಗೆ ಝಲ್ಲೆಂದಿತು. ನಮ್ಮ ಸಿದ್ದಾಜಿ, ಮದುವೆಯಾಗಿ ಬೆಟ್ಟಕ್ಕೆ ಬಂದು ಮುದುಕಿಯಾಗಿದ್ದಾಳೆ. ನಾನು ಅವಳ ಒಲೆಯ ಮೇಲೆ ಬೆಂದಿದ್ದೇನೆ.

“ನಿಮ್ಮನ್ನ ಉಳಿಸಿದ್ದೂ ಅದೇ, ಅಜ್ಜಿ. ಕೂಸಿಗೆ ಬೇಡ ಅಂತಿರೋದೂ ಅದನ್ನೇ,” ಎಂದರು ಮೇಡಂ.

ನೀಲವೇಣಿ ಬಟ್ಟಲು ಹಿಡಿದುಕೊಂಡು ಒಮ್ಮೆ ಕೂಸನ್ನು ನೋಡಿದಳು, ಒಮ್ಮೆ ಅಜ್ಜಿಯನ್ನು. ಅವಳ ಕಣ್ಣು ತುಂಬಿತು. ಸಿದ್ದಾಜಮ್ಮ ಸೌಟನ್ನು ಒಲೆಯ ಪಕ್ಕಕ್ಕೆ ಇಟ್ಟಳು. ಆಮೇಲೆ ಮೊಮ್ಮಗಳ ಕೈಯಿಂದ ಬಟ್ಟಲನ್ನು ತೆಗೆದುಕೊಂಡಳು.

“ಕೆರೆಯಮ್ಮ ಕೊಟ್ಟದ್ದ ಎಸೆಯಾಕಾಯ್ತದಾ? ನೀ ಕೂಸಿಗೆ ಹಾಲು ಕೊಡವ್ವ. ಇದ ನಾ ಉಣ್ತೀನಿ. ನಂಗೂ ಇದ್ಕೂ ಹಳೇ ನೆಂಟಸ್ತಿಕೆ.”

ಸಿದ್ದಾಜಮ್ಮ ಬಟ್ಟಲು ಖಾಲಿ ಮಾಡಿದಳು.

ಈಗ ನಾನು ಅವಳ ಹೊಟ್ಟೆಯ ಹಳೆಯ ಬರೆಯ ಕೆಳಗಿದ್ದೇನೆ. ಇಬ್ಬರಿಗೂ ವಯಸ್ಸಾಗಿದೆ. ಅಂದು ಕಾಯ್ದ ಜೀವವನ್ನು ಇಂದು ಕಾಯುತ್ತಿದ್ದೇನೋ ಕೊಲ್ಲುತ್ತಿದ್ದೇನೋ, ನನಗೇ ತಿಳಿಯದು. ಕೂಸು ಅವಳ ಮಡಿಲಲ್ಲಿ ಮಲಗಿದಾಗ ಅದರ ಉಸಿರು ಕೇಳಿಸುತ್ತದೆ. ಆಗೆಲ್ಲ, ಇದೇ ನನ್ನ ಕಡೆಯ ಮನೆಯಾಗಲಿ ಎಂದು ಬೇಡಿಕೊಳ್ಳುತ್ತೇನೆ. ಆದರೆ ಈ ಊರಿನವರು ಸತ್ತವರನ್ನು ಹೂಳುವುದು ಮೇಲ್ಕೆರೆಯ ದಂಡೆಯಲ್ಲಿ.