ಮೇಷ್ಟ್ರು ಬರೆದ ‘ನೈಸ್’

ಮೇಷ್ಟ್ರಿಗೆ ಕಂಡರಾಗದ ವಸ್ತುಗಳು ಲೋಕದಲ್ಲಿ ಬಹಳ ಇದ್ದವು. ಅವುಗಳಲ್ಲಿ ಮೊದಲನೆಯದು ‘ನೈಸ್’ ಎಂಬ ಇಂಗ್ಲಿಷ್ ಪದ. ಇಂಗ್ಲಿಷ್ ಪಾಠ ಹೇಳುತ್ತಿದ್ದ ಕಾಲದಲ್ಲಿ ಯಾವ ಹುಡುಗನ ಪ್ರಬಂಧದಲ್ಲಿ ಅದು ಕಂಡರೂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ‘ಕಣ್ಣಿಲ್ಲವೇ?’ ಎಂದು ಬರೆಯುತ್ತಿದ್ದರು. ಹವೆಯೂ ನೈಸ್, ಅತ್ತೆಯೂ ನೈಸ್, ಹೊಸ ಚಪ್ಪಲಿಯೂ ನೈಸ್ ಅನ್ನುವವನು ಮೂರನ್ನೂ ನೋಡಿಲ್ಲ ಎಂಬುದು ಅವರ ವಾದ. ವಾದವೇನೋ ಸರಿಯೇ. ಆದರೆ ನೋಡಿ ಮೆಚ್ಚುವ ಅಭ್ಯಾಸವೂ ಮೇಷ್ಟ್ರಿಗೆ ಇರಲಿಲ್ಲ. ನೋಡಿದ್ದೆಲ್ಲ ಮೊಸರಲ್ಲಿ ಕಲ್ಲು ಹುಡುಕುವುದಕ್ಕೆ.

ಆ ಕಲ್ಲುಗಳನ್ನೆಲ್ಲ ನುಂಗಿಕೊಂಡು ಬೆಳೆದವಳು ಮಗಳು. ಚಿಕ್ಕವಳಿದ್ದಾಗ ಕುದುರೆಯ ಚಿತ್ರ ಬರೆದು ಓಡಿಬಂದರೆ, “ಕುದುರೆ ಮಂಡಿ ಆ ಕಡೆ ಮಡಚಲ್ಲ” ಎಂದು ವಾಪಸು ಕೊಟ್ಟಿದ್ದರು. ದೊಡ್ಡವಳಾಗಿ ಮನೆಯ ಬೀದಿಬದಿಯ ಕೋಣೆಯಲ್ಲಿ ಪುಸ್ತಕಗಳಿಗೆ ಬೈಂಡು ಹಾಕುವ ಅಂಗಡಿ ಇಟ್ಟಳು. ವಕೀಲರು, ಲೈಬ್ರರಿಯವರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಅಪ್ಪನ ಪಾಲಿಗೆ ಮಾತ್ರ ಹಿತ್ತಲ ಗಿಡ ಮದ್ದಲ್ಲ. ಸ್ಕೇಲು ಹಿಡಿದು ಬಂದು ರಟ್ಟಿನ ಅಂಚು ಅಳೆಯುತ್ತಿದ್ದರು. “ಇಲ್ಲಿ ಕೂದಲೆಳೆಯಷ್ಟು ಹೆಚ್ಚು” ಅನ್ನುತ್ತಿದ್ದರು. ತಪ್ಪು ಸಿಗದ ದಿನ ಏನೂ ಹೇಳದೆ ಒಳಗೆ ಹೋಗುತ್ತಿದ್ದರು. ಅವಳಿಗೆ ಬೇಕಾಗಿದ್ದದ್ದು ಒಂದೇ: ಅಪ್ಪನ ಬಾಯಿಂದ ಒಂದು ಒಳ್ಳೆಯ ಮಾತು. ಇಷ್ಟು ವಯಸ್ಸಾದ ಮೇಲೂ ಇದಕ್ಕೆ ಬಾಯಿಬಿಟ್ಟುಕೊಂಡು ಕಾಯುತ್ತೇನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ನಿವೃತ್ತರಾದ ಮೇಲೆ ಮೇಷ್ಟ್ರು ಆ ಪದದ ಮೇಲೆಯೇ ಒಂದು ಪುಸ್ತಕ ಬರೆದರು. ಅಚ್ಚಾದ ಹಾಳೆಗಳು ಬೈಂಡಿಗೆ ಮಗಳ ಅಂಗಡಿಗೇ ಬಂದವು. “ಬೇರೆಯವರು ಕೆಡಿಸ್ತಾರೆ” ಎಂದರು ಮೇಷ್ಟ್ರು. ಅವರ ನಾಲಿಗೆ ಹೊಗಳಿಕೆಗೆ ಅದಕ್ಕಿಂತ ಹತ್ತಿರ ಬಂದದ್ದನ್ನು ಅವಳು ಕಾಣಳು. ಇಷ್ಟು ಬಂದ ಮೇಲೆ ಈ ಸಲ ಉಳಿದದ್ದೂ ಬರುತ್ತದೆ ಅಂದುಕೊಂಡಳು.

ಹಾಳೆ ಮಡಚುತ್ತ, ಹೊಲಿಯುತ್ತ ಅವಳು ಪುಸ್ತಕವನ್ನು ಪೂರ್ತಿ ಓದಿದಳು. ಈ ಪದ ಹುಟ್ಟಿದ್ದು ಲ್ಯಾಟಿನ್ನಿನಲ್ಲಿ; ಅಲ್ಲಿ ಅದರ ಅರ್ಥ ‘ಏನೂ ತಿಳಿಯದವನು’. ಫ್ರೆಂಚರ ಮನೆ ಹೊಕ್ಕು ಪೆದ್ದನಾಯಿತು. ಇಂಗ್ಲಿಷಿಗೆ ಬಂದು ಮೊದಮೊದಲು ಪೆದ್ದನಾಗಿಯೇ ಇದ್ದು, ಆಮೇಲೆ ಚೆಲ್ಲುಚೆಲ್ಲಾಗಿ ಆಡಿತು, ನಾಚಿಕೊಂಡಿತು, ಎಲ್ಲದಕ್ಕೂ ಮೂಗು ಮುರಿಯುವ ಅತಿನಾಜೂಕಿನವರ ಗುಣವಾಯಿತು, ಕೂದಲು ಸೀಳುವಂಥ ಸೂಕ್ಷ್ಮವಾಯಿತು. ಕೊನೆಗೆ ಎಲ್ಲರಿಗೂ ಬೇಕಾದ ‘ಚೆನ್ನಾಗಿದೆ’ ಆಯಿತು. ನಮ್ಮವರ ಬಾಯಿಗೆ ಬಿದ್ದ ಮೇಲಂತೂ ಕೇಳುವುದೇ ಬೇಡ. ಹಿಟ್ಟು ನೈಸಾಗಿರಬೇಕು, ಬಟ್ಟೆ ನೈಸಾಗಿರಬೇಕು. ಕೆಲಸ ಆಗಬೇಕಾದರೆ ಮೇಲಿನವರಿಗೆ ನೈಸ್ ಮಾಡಬೇಕು, ಆದ ಮೇಲೆ ನೈಸಾಗಿ ಜಾರಿಕೊಳ್ಳಬೇಕು. ‘ಪೆದ್ದನೆಂದು ಹೊರಗೆ ತಳ್ಳಿದ ಮಗುವನ್ನು ಊರೆಲ್ಲ ಎತ್ತಿ ಆಡಿಸಿತು’ ಎಂದು ಒಂದು ಕಡೆ ಬರೆದಿದ್ದರು. ಅದನ್ನು ಓದಿ ಅವಳು ಸೂಜಿ ಕೆಳಗಿಟ್ಟಳು. ಪುಸ್ತಕ ಚೆನ್ನಾಗಿತ್ತು, ತುಂಬ ಚೆನ್ನಾಗಿತ್ತು. ಒಂದು ಪದದ ಮೇಲೆ ಇಷ್ಟು ಅಕ್ಕರೆ ಸುರಿದ ಮನುಷ್ಯ ಹೆತ್ತ ಮಗಳಿಗೆ ತೊಟ್ಟು ಉಳಿಸಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಬೈಂಡಿನ ಕೆಲಸದಲ್ಲಿ ಒಂದು ಅಪಾಯವಿದೆ. ರಟ್ಟಿನ ಹೊದಿಕೆ ಬೇರೆ, ಹೊಲಿದ ಹಾಳೆಯ ಕಟ್ಟು ಬೇರೆ. ಕೊನೆಯಲ್ಲಿ ಎರಡನ್ನೂ ಗೋಂದು ಹಚ್ಚಿ ಕೂಡಿಸುವುದು. ಗಮನ ತಪ್ಪಿದರೆ ಹೊದಿಕೆ ನೆಟ್ಟಗೆ, ಒಳಗಿನ ಪುಸ್ತಕ ತಲೆಕೆಳಗು. ಅದಕ್ಕೇ ಗೋಂದು ಒಣಗುವವರೆಗೆ ಅದುಮಿಡುವ ಪ್ರೆಸ್ಸಿಗೆ ಹಾಕುವ ಮುಂಚೆ ಪ್ರತಿಯೊಂದನ್ನೂ ತೆರೆದು ನೋಡುವುದು ಅವಳ ಪದ್ಧತಿ. ಬಿಡುಗಡೆಯ ಹಿಂದಿನ ದಿನ, “ಇನ್ನೂ ಆಗಲಿಲ್ವಾ?” ಎಂದು ಅಪ್ಪ ಬಾಗಿಲಲ್ಲೇ ನಿಂತಿದ್ದರು. ಕೊನೆಯ ಕಂತನ್ನು ತೆರೆದು ನೋಡದೆ ಪ್ರೆಸ್ಸಿಗೆ ಹಾಕಿದಳು.

ಬಿಡುಗಡೆ ಮಾಡಲು ಬಂದವರು ಮೇಷ್ಟ್ರ ಶಾಲೆಯ ಹಳೆಯ ಮುಖ್ಯೋಪಾಧ್ಯಾಯರು. ಅವರಿಗೆ ಊರೆಲ್ಲ ಇಟ್ಟ ಹೆಸರು ಹೊಗಳುಭಟ್ಟ. ಪುಸ್ತಕವನ್ನು ಎದೆಗೆ ಒತ್ತಿಕೊಂಡು, ಸಭೆ ಆಕಳಿಸುವವರೆಗೂ ಮಾತಾಡಿದರು. “ಬಹಳ ನೈಸ್ ಪುಸ್ತಕ” ಎಂದು ಮತ್ತೆ ಮತ್ತೆ ಅಂದರು. ತಮಾಷೆಯೆಂದು ಜನ ನಕ್ಕರು. ಆ ಪುಣ್ಯಾತ್ಮನಿಗೆ ತಮಾಷೆ ಮಾಡುವಷ್ಟು ಬುದ್ಧಿ ಎಲ್ಲಿಂದ ಬರಬೇಕು? ರಟ್ಟಿನ ಮೇಲಿನ ಹೆಸರು ದಾಟಿ ಒಳಗೆ ಇಣುಕಿಯೂ ಇರಲಿಲ್ಲ. ಕೊನೆಗೆ ಅದೇ ಪ್ರತಿಯನ್ನು ಮೇಷ್ಟ್ರ ಕೈಗಿಟ್ಟು, “ಎರಡು ಸಾಲು ಓದಿ” ಎಂದರು.

ಮೇಷ್ಟ್ರು ತೆರೆದರು. ಅಕ್ಷರಗಳೆಲ್ಲ ತಲೆಕೆಳಗಾಗಿ ನೇತಾಡುತ್ತಿದ್ದವು. ಪುಸ್ತಕವನ್ನು ತಿರುಗಿಸಿದರು, ಈಗ ಹೊದಿಕೆಯ ಮೇಲಿನ ಅವರ ಹೆಸರು ಸಭೆಯ ಕಡೆಗೆ ಮೇಲುಕೆಳಗಾಯಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಒಂದು ಪುಟವನ್ನೂ ತೆರೆಯದೆ ಹೊಗಳಿದ ಮಹಾಶಯ ಪಕ್ಕದಲ್ಲೇ ಹಲ್ಲುಕಿರಿಯುತ್ತ ನಿಂತಿದ್ದ. ಮೇಷ್ಟ್ರು ಅವನನ್ನು ಬಿಟ್ಟರು.

“ಇದನ್ನ ಬೈಂಡ್ ಮಾಡಿದ್ದು ನನ್ನ ಮಗಳು,” ಎಂದರು ಮೈಕಿನಲ್ಲಿ. “ಈ ಪದದ ಮೊದಲ ಅರ್ಥ ‘ಏನೂ ತಿಳಿಯದವರು’ ಅಂತ. ಉದಾಹರಣೆ ಬೇಕಾಗಿತ್ತು, ಮನೇಲೇ ಸಿಕ್ತು.”

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೊನೆಯ ಸಾಲಿನಲ್ಲಿ ಕೂತಿದ್ದ ಮಗಳಿಗೆ ಕಿವಿ ಕಾದು ಹೋಯಿತು. ಅಳು ಬರಲಿಲ್ಲ. ಕಾಯುವುದು ಅಲ್ಲಿಗೆ ಮುಗಿಯಿತು ಎಂಬುದು ಮಾತ್ರ ಗೊತ್ತಾಯಿತು.

ಜನ ಪ್ರತಿಗಳನ್ನು ಚೀಲಕ್ಕೆ ಹಾಕಿಕೊಂಡು, ಮೇಷ್ಟ್ರ ಕೈ ಕುಲುಕಿ, “ನೈಸಾಗಿತ್ತು ಸಾರ್” ಎಂದು ಚದುರಿದರು. ಅವರಿಗೆ ಪದಗಳ ಕಥೆ ಹೇಳಿದ್ದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಮುಸ್ಸಂಜೆಗೆ ಮಗಳು ಅಂಗಡಿಯಲ್ಲಿ ಕೂತು ಆ ತಲೆಕೆಳಗಾದ ಪ್ರತಿಯ ಹೊದಿಕೆಯನ್ನು ಚಾಕುವಿನಿಂದ ಬಿಡಿಸುತ್ತಿದ್ದಳು. ಮೇಷ್ಟ್ರು ಒಳಗೆ ಬಂದರು. ಕೈಯಲ್ಲಿ ಸ್ಕೇಲು ಇರಲಿಲ್ಲ. ಪ್ರೆಸ್ಸಿನ ಹಿಡಿಯನ್ನು ಸುಮ್ಮನೆ ಮುಟ್ಟಿದರು, ಗೋಂದಿನ ಡಬ್ಬಿಯೊಳಗೆ ಇಣುಕಿದರು.

“ಆ ಕತ್ತೆಗಳು ಯಾರೂ ಓದಲ್ಲ,” ಎಂದರು.

ಅವಳು ಚಾಕು ಆಡಿಸುತ್ತಲೇ ಇದ್ದಳು.

“ನೀನು ಓದಿದ್ಯಾ?”

“ಹೊಲಿಯೋವಾಗ ಎಲ್ಲಾ ಪುಟನೂ ಕೈಗೆ ಬರುತ್ತೆ, ಓದಿದೆ.”

“ಹೇಗಿದೆ?”

ಅವಳು ತಲೆಯೆತ್ತಿದಳು. ಅಪ್ಪನ ಮುಖದಲ್ಲಿ ಇದ್ದದ್ದು ಆಸೆ, ನಾಚಿಕೆಯಿಲ್ಲದ ಆಸೆ. ಕುದುರೆಯ ಚಿತ್ರ ಹಿಡಿದು ನಿಂತ ಮಗುವಿಗೆ ಇರುವಂಥದ್ದು. ಊರೆಲ್ಲ ಎತ್ತಿ ಆಡಿಸಿದ ಮಗುವಿನ ಸಾಲು ಅವಳ ನಾಲಿಗೆಯ ತುದಿಗೆ ಬಂತು. ಅದನ್ನೊಂದು ಹೇಳಿದ್ದರೆ ಮುದುಕ ಅಲ್ಲೇ ಕೂತು ಅತ್ತುಬಿಡುತ್ತಿದ್ದರೋ ಏನೋ.

“ಪುಟ ಎಲ್ಲಾ ಕ್ರಮವಾಗಿವೆ,” ಎಂದಳು. “ಒಂದು ಕಡೆ ಅಕ್ಷರ ಬಿಟ್ಟುಹೋಗಿದೆ.”

“ಅಕ್ಷರವಾ? ಯಾವ ಪುಟ?”

“ನೆನಪಿಲ್ಲ. ಹುಡುಕಿ ನೋಡಿ, ಸಿಗುತ್ತೆ.”

ಮೇಷ್ಟ್ರು ಉಳಿದ ಪ್ರತಿಗಳ ಗುಡ್ಡೆಯಿಂದ ಒಂದನ್ನು ತೆಗೆದುಕೊಂಡು, ಅವಳ ಎದುರಿನ ಸ್ಟೂಲಿನ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ಮೊದಲನೆಯ ಪುಟದಿಂದ ಶುರುಮಾಡಿದರು. ಬೆರಳು ಪದದಿಂದ ಪದಕ್ಕೆ ಹೋಗುತ್ತಿತ್ತು.

ಅವಳು ದೀಪ ಹಾಕಿ ಅವರ ಕಡೆಗೆ ತಿರುಗಿಸಿದಳು. ಆ ಪುಸ್ತಕದಲ್ಲಿ ಒಂದೇ ಒಂದು ಅಕ್ಷರವೂ ಬಿಟ್ಟುಹೋಗಿರಲಿಲ್ಲ.