ದೋಣಿ ಪುಸ್ತಕದ ಕೊನೆಯ ಫಾರಂ

ಸತ್ತವರ ಪುಸ್ತಕ ಅಚ್ಚು ಹಾಕುವುದರಲ್ಲಿ ಒಂದು ಸುಖವಿದೆ, ಲೇಖಕರು ಬಂದು ತಲೆ ತಿನ್ನುವುದಿಲ್ಲ. ಅಣ್ಣ ಈ ಮಾತನ್ನು ಪ್ರಕಾಶನಕ್ಕೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಮೊದಮೊದಲು ತಂಗಿಯೂ ನಗುತ್ತಿದ್ದಳು. ಈಗೀಗ ನಗು ಬರುತ್ತಿರಲಿಲ್ಲ. ಸತ್ತವರು ತಲೆ ತಿನ್ನದಿದ್ದರೂ ಕಣ್ಣು ತಿನ್ನುತ್ತಾರೆ ಎಂಬುದು ಅವಳಿಗೆ ಅನುಭವಕ್ಕೆ ಬಂದಿತ್ತು.

ಅವಳು ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತಳಾದವಳು. ಕೊಳಾಯಿ ನೀರಿನಲ್ಲಿ ಏನಿದೆ, ಏನಿಲ್ಲ ಎಂದು ಬರೆದು ಸಹಿ ಹಾಕುವುದು ಅವಳ ಕೆಲಸವಾಗಿತ್ತು. ನಿವೃತ್ತಿಯಾದ ಮರುವಾರವೇ ಅಣ್ಣ ಬಂದು, "ಮನೇಲಿ ಕೂತು ಗೋಡೆ ನೋಡ್ತೀಯೋ, ನನ್ನ ಹತ್ರ ಬಂದು ಪ್ರೂಫ್ ನೋಡ್ತೀಯೋ?" ಎಂದು ಕೇಳಿದ್ದ. ಗೋಡೆಯಾದರೂ ಸುಮ್ಮನಿರುತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಬೈಂಡಿಂಗ್‌ನವರು ಅವಳ ಬೆನ್ನ ಹಿಂದೆ 'ಭೂತಗನ್ನಡಿ' ಎಂದು ಕರೆಯುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಹೆಸರಿನಲ್ಲಿ ತಪ್ಪೇನೂ ಕಾಣದ್ದರಿಂದ ತಿದ್ದಲು ಹೋಗಿರಲಿಲ್ಲ.

ಪ್ರಕಾಶನವೆಂದರೆ ಕನ್ನಡಕದ ಅಂಗಡಿಯ ಮೇಲಿನ ಎರಡು ಬಾಡಿಗೆ ಕೋಣೆ. ಮುಂದಿನದರಲ್ಲಿ ಅಣ್ಣನ ಮೇಜು, ಫೋನು, ಒಂದು ಕಾಲು ಕುಂಟುವ ಬೆಂಚು. ಒಳಗಿನದರಲ್ಲಿ ಮಾರಾಟವಾಗದ ಪುಸ್ತಕಗಳ ಕಟ್ಟುಗಳು ಸೂರಿನವರೆಗೆ. ಜನ ಮರೆತ ಕಾದಂಬರಿಗಳನ್ನು ಹುಡುಕಿ ತೆಗೆದು, ಅಚ್ಚು ಹಾಕಿ, ಮತ್ತೆ ಜನ ಮರೆಯಲಿ ಎಂದು ಇಲ್ಲಿ ಪೇರಿಸಿಟ್ಟಂತಿತ್ತು. ಆ ಕಟ್ಟುಗಳ ನಡುವೆ, ಕಿಟಕಿಯ ಬೆಳಕು ಬೀಳುವಲ್ಲಿ ಅವಳ ಮೇಜು. ಕೆಲಸದ ಪದ್ಧತಿ ಮೊದಲಿನಿಂದಲೂ ಒಂದೇ. ಹಳೆಯ ಪ್ರತಿಯನ್ನು ಅಣ್ಣ ಗಟ್ಟಿಯಾಗಿ ಓದಬೇಕು, ಅಲ್ಪವಿರಾಮ, ಪೂರ್ಣವಿರಾಮ, ಹೊಸ ಸಾಲು ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತ. ಅವಳು ಹೊಸ ಪ್ರೂಫಿನ ಮೇಲೆ ಬೆರಳಿಟ್ಟು ಅನುಸರಿಸಬೇಕು. "ಪ್ರಾಣಕಾಂತಾ ಅಲ್ಪವಿರಾಮ ನೀನೆಲ್ಲಿರುವೆ ಪ್ರಶ್ನಾರ್ಥಕ" ಎಂದು ಅಣ್ಣ ಬಾವಿಯೊಳಗಿನ ದನಿಯಲ್ಲಿ ಓದುವಾಗ ಕೆಳಗಿನ ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ಕೂತವರು ಕತ್ತೆತ್ತಿ ಸೂರು ನೋಡುತ್ತಿದ್ದರಂತೆ.

ಈ ಸಲದ್ದು ಹನ್ನೆರಡನೆಯ ಪುಸ್ತಕ. ಅದರ ಶೀರ್ಷಿಕೆ ಉದ್ದವಾಗಿದ್ದುದರಿಂದ ಅವರ ಬಾಯಲ್ಲಿ ಅದು ದೋಣಿ ಪುಸ್ತಕ. ಶತಮಾನಕ್ಕೂ ಹಿಂದೆ ಒಬ್ಬ ಹೆಂಗಸು ಬರೆದದ್ದು. ಆಕೆಯದು ಬೇರೆ ಪುಸ್ತಕವಿಲ್ಲ. ಅಣ್ಣನಿಗೆ ಒಂದು ಹಳೆಯ ವಾಚನಾಲಯದ ಬೀರುವಿನಲ್ಲಿ ಸಿಕ್ಕ ಪ್ರತಿಯ ಹೊರತು ಮತ್ತೊಂದು ಪ್ರತಿಯೂ ಇದ್ದಂತಿರಲಿಲ್ಲ. ತುಂಬಿದ ಮನೆಯ ಹಿರಿಸೊಸೆಯೊಬ್ಬಳು ಎಲ್ಲರಿಗೂ ಬೇಕಾಗಿ, ಯಾರಿಗೂ ಬೇಡವಾಗಿ, ಒಂದು ಬೆಳಿಗ್ಗೆ ಕೈಯಲ್ಲಿದ್ದ ಕೊಡವನ್ನು ಹೊಳೆಯ ಮೆಟ್ಟಿಲ ಮೇಲಿಟ್ಟು ದೋಣಿಯತ್ತ ನಡೆಯುತ್ತಾಳೆ. ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ನೆಲದ ಮೇಲೆ. ಪುಟದ ಕಟ್ಟಕಡೆಯ ಸಾಲಿನಲ್ಲಿ ಪೂರ್ಣವಿರಾಮ. ಅಲ್ಲಿಗೆ ಪುಸ್ತಕ ಮುಗಿದಿತ್ತು.

ತಂಗಿ ಅದನ್ನು ಓದಿದ ದಿನ ಕೊನೆಯ ಪುಟಕ್ಕೆ ಮತ್ತೆ ಮತ್ತೆ ಮರಳಿದಳು. ಆಮೇಲೆ ಹಿನ್ನುಡಿ ಬರೆದಳು. 'ಮುಗಿಯಿತು ಎಂಬ ಮಾತನ್ನೂ ಬರೆಯಲು ಒಪ್ಪದ ಲೇಖಕಿ' ಎಂಬುದು ಅದರ ಮೊದಲ ಸಾಲು. ಅಣ್ಣ ಅದನ್ನು ಪತ್ರಿಕೆಗಳಿಗೆ ಕಳಿಸಿದ. ಒಂದು ದೊಡ್ಡ ಓದುಗರ ಸಂಘದ ಅಧ್ಯಕ್ಷೆ ಫೋನ್ ಮಾಡಿ, ಆ ಕಾಲದಲ್ಲಿ ಅಂಥ ಕೊನೆ ಬರೆದವಳನ್ನು ತಮ್ಮ ಸದಸ್ಯರೆಲ್ಲ ಓದಲೇಬೇಕು, ಅಚ್ಚಾದಷ್ಟನ್ನೂ ತಾವೇ ತೆಗೆದುಕೊಳ್ಳುತ್ತೇವೆ ಎಂದರು. ಅಣ್ಣ ಫೋನಿಟ್ಟು ಬಂದು ಕುಂಟುವ ಬೆಂಚಿನ ಮೇಲೆ ಕೂತ.

"ಇದೊಂದು ನಡೆದ್ರೆ ಉಸಿರಾಡ್ತೀವಿ ಕಣೇ. ಇದೂ ಒಳಗೆ ಹೋಗಿ ಮಲಗಿದ್ರೆ, ಬಾಗಿಲು ಹಾಕಿ ಕೀಲಿ ಕನ್ನಡಕದವನ ಕೈಗೆ ಕೊಡೋದೇ. ನಂಗೂ ಸಾಕಾಗಿದೆ."

ಇಂಥ ಹೊತ್ತಿನಲ್ಲಿ ಒಬ್ಬ ನರ್ಸ್ ಬಂದಳು. ಆಸ್ಪತ್ರೆಯ ಪಾಳಿ ಮುಗಿಸಿ ನೇರ ಬಂದಿದ್ದಳು. ಕಣ್ಣ ಕೆಳಗೆ ಕಪ್ಪು, ಕೈಯಲ್ಲಿ ಪ್ಲಾಸ್ಟಿಕ್ ಚೀಲ.

"ನೀವು ಅಚ್ಚು ಹಾಕ್ತಿರೋ ಪುಸ್ತಕ ಬರೆದೋರು ನಮ್ಮಜ್ಜಿಯ ಅಜ್ಜಿ," ಎಂದಳು. "ಪೇಪರಲ್ಲಿ ಧೀರೆ ಗೀರೆ ಅಂತೆಲ್ಲ ಬಂದಿತ್ತು. ಅವರ ಪುಸ್ತಕದಲ್ಲಿ ಅಂಥದ್ದೇನೂ ಇಲ್ಲ, ಬೇರೆ ಯಾರದೋ ಪುಸ್ತಕ ಇರ್ಬೇಕು, ಹೇಳಿ ಹೋಗೋಣ ಅಂತ ಬಂದೆ."

ಚೀಲದಿಂದ ತೆಗೆದದ್ದು ದಪ್ಪ ರಟ್ಟಿನ ಹಳೆಯ ಪುಸ್ತಕ. ಬೆನ್ನಿನ ಮೇಲೆ ಅದೇ ಉದ್ದದ ಶೀರ್ಷಿಕೆ, ಅದೇ ಹೆಸರು. ಆದರೆ ರಟ್ಟು ತೆರೆದರೆ ಒಳಗೆ ಎರಡು ಬೆರಳು ಅಗಲದ ಬೆನ್ನಿಗೆ ಕೆಲವೇ ಹಾಳೆ ಅಂಟಿಕೊಂಡಿದ್ದವು, ಅಪ್ಪನ ಕೋಟು ತೊಟ್ಟ ಮಗುವಿನ ಹಾಗೆ.

"ಮಿಕ್ಕಿದ್ದೆಲ್ಲಿ?" ಎಂದಳು ತಂಗಿ.

"ಇಷ್ಟೇ ಇದ್ದದ್ದು. ನಮ್ಮನೇಲಿ ಹೆಣ್ಣುಮಕ್ಕಳು ಮದುವೆಯಾಗಿ ಹೊರಡೋ ಮುಂಚೆ ಕೂರಿಸಿ ಇದನ್ನ ಓದಿ ಹೇಳ್ತಾರೆ. ನಂಗೂ ಓದಿದ್ರು. ಆಕಳಿಸಿದ್ದಕ್ಕೆ ನಮ್ಮಮ್ಮ ತೊಡೆ ಚಿವುಟಿದ್ಲು."

ತಂಗಿ ಮೊದಲ ಹಾಳೆ ನೋಡಿದಳು. 'ಅವಳು ಮರಳಿ ಬಂದಾಗ ಹೊಸ್ತಿಲಲ್ಲಿ ದೀಪವಿತ್ತು.' ಪುಟದ ಅಡಿಯಲ್ಲಿ ಸಣ್ಣದೊಂದು ಅಂಕಿ. ಹಳೆಯ ಅಚ್ಚುಕೂಟಗಳಲ್ಲಿ ಒಂದು ದೊಡ್ಡ ಹಾಳೆಯ ಮೇಲೆ ಹದಿನಾರು ಪುಟ ಅಚ್ಚು ಹಾಕಿ ಮಡಚುತ್ತಿದ್ದರು. ಅದನ್ನು ಫಾರಂ ಎನ್ನುವುದು. ಹೊಲಿಯುವವರು ಹಿಂದುಮುಂದು ಮಾಡದಿರಲಿ ಎಂದು ಪ್ರತಿ ಫಾರಮ್ಮಿನ ಮೊದಲ ಪುಟದ ಅಡಿಯಲ್ಲಿ ಅದರ ಸಂಖ್ಯೆ. ವಾಚನಾಲಯದ ಪ್ರತಿ ಯಾವ ಫಾರಮ್ಮಿಗೆ ನಿಂತಿತ್ತೋ, ಇದು ಅದರ ಮುಂದಿನದು. ಕೊನೆಯ ಪುಟದ ನಡುವೆ ದಪ್ಪ ಅಕ್ಷರದಲ್ಲಿ 'ಮುಗಿಯಿತು' ಎಂದಿತ್ತು.

ಅವಳ ಕಿವಿ ಬಿಸಿಯಾಯಿತು. ಬಾಟಲಿಯ ಅರ್ಧ ನೀರು ಚೆಲ್ಲಿಹೋಗಿದ್ದನ್ನು ಗಮನಿಸದೆ ಹೊಳೆಯೇ ಬತ್ತಿದೆ ಎಂದು ವರದಿ ಬರೆದಂತಾಗಿತ್ತು. ಫಾರಂ ತುಂಬುವ ಹೊತ್ತಿಗೇ ವಾಕ್ಯವೂ ಮುಗಿದದ್ದು ಬರೀ ಕಾಕತಾಳೀಯ. ಅಡಿಯ ಅಂಕಿಗಳನ್ನು ಅವಳು ನೋಡಿಯೂ ಇದ್ದಳು. ಮುಂದೊಂದು ಫಾರಂ ಇರಬಹುದೆಂದು ಲೆಕ್ಕ ಹಾಕಲು ಮನಸ್ಸು ಒಪ್ಪಿರಲಿಲ್ಲ, ಅಷ್ಟು ಹಿಡಿಸಿತ್ತು ಆ ದೋಣಿ.

ನರ್ಸ್ ಬೆಂಚಿನ ಮೇಲಿದ್ದ ಪ್ರೂಫಿನ ಕಟ್ಟನ್ನು ಎತ್ತಿಕೊಂಡು, "ಇದನ್ನ ಮನೆಗೆ ಒಯ್ಯಲಾ? ನಮ್ಮನೇದಕ್ಕಿಂತ ಮೊದಲಿನ ಭಾಗ ನಾನು ನೋಡೇ ಇಲ್ಲ," ಎಂದಳು. ತನ್ನ ಹದಿನಾರು ಪುಟ ಇಲ್ಲಿಟ್ಟು, ಪ್ರೂಫನ್ನು ಎದೆಗವಚಿಕೊಂಡು ಹೋದಳು.

ಅಣ್ಣ ಆ ಪುಟಗಳನ್ನು ನಿಂತಲ್ಲೇ ಓದಿದ. ದೋಣಿಯ ಸುದ್ದಿಯೇ ಇಲ್ಲ, ಸೊಸೆ ವಾಪಸಾಗಿ ಮನೆಯೊಳಗೆ ಬರುತ್ತಾಳೆ. ಎಲ್ಲರ ಕಾಲಿಗೆ ಬೀಳುತ್ತಾಳೆ. ಆಮೇಲೆ ಪುಟಗಟ್ಟಲೆ ಬುದ್ಧಿವಾದ, ಹೆಣ್ಣು ಹೇಗಿರಬೇಕು, ಹೇಗಿರಬಾರದು.

"ಥೂ," ಎಂದ ಅಣ್ಣ. "ಹಾಲಿನ ಪಾತ್ರೆಗೆ ಹುಳಿ ಹಿಂಡಿದಾಳಲ್ಲೇ! ಇದನ್ನ ಬರೆದೋಳು ಅವಳೇನಾ?"

ತಂಗಿಗೂ ಅದೇ ಆಸೆ ಹುಟ್ಟಿತು. ಆ ಕಾಲದ ಪ್ರಕಾಶಕ ಹೆದರಿ, ಬೇರೆ ಯಾರಿಂದಲೋ ಬರೆಸಿ ಕೊನೆಗೆ ಅಂಟಿಸಿರಬಹುದಲ್ಲ? ಹಾಗಿದ್ದರೆ ಎಲ್ಲರೂ ಬಚಾವು. ಅವಳು ಎರಡು ದಿನ ಆ ಹದಿನಾರು ಪುಟದ ಮೇಲೆ ಭೂತಗನ್ನಡಿ ಹಿಡಿದು ಕೂತಳು. ಕಾಗದದ ನಾರು ಒಂದೇ. ಹಿಂದಿನ ಫಾರಮ್ಮುಗಳಲ್ಲಿ ಮೂಗು ಮುರಿದುಕೊಂಡಿದ್ದ ಅಕ್ಷರದ ಅಚ್ಚುಮೊಳೆಯೊಂದು ಇಲ್ಲೂ ಹಾಗೇ ಮೂಗು ಮುರಿದು ನಿಂತಿತ್ತು. ಅದೆಲ್ಲ ಅಚ್ಚುಕೂಟದ್ದಾಯಿತು, ಬರವಣಿಗೆ? ಆ ಹೆಂಗಸಿಗೆ ಒಂದು ಅಭ್ಯಾಸವಿತ್ತು, ಯಾರಾದರೂ ಅಳುವಾಗ ಅವರ ಕೈಯಲ್ಲಿ ಏನಿತ್ತೆಂದು ತಪ್ಪದೆ ಹೇಳುವುದು. ಸೌಟು, ಬಟ್ಟೆ ಒಣಹಾಕುವ ಹಗ್ಗದ ತುದಿ, ಮಗುವಿನ ಚೊಂಬು. ಕ್ಷಮೆ ಕೇಳಿ ಅಳುವ ಸೊಸೆಯ ಕೈಯಲ್ಲೂ ಹೊಳೆಯ ಮೆಟ್ಟಿಲ ಮೇಲೆ ಬಿಟ್ಟುಹೋಗಿದ್ದ ಕೊಡ ಇತ್ತು, ತುಂಬಿದ್ದು.

"ಅವಳೇ ಅಣ್ಣ," ಎಂದಳು ತಂಗಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು. "ಬೇರೆಯವರದ್ದು ಅನ್ನೋಕೆ ಒಂದು ಕಾರಣನೂ ಸಿಗಲಿಲ್ಲ."

"ಸಿಗದಿದ್ರೆ ಬಿಡು. ಆ ಹುಡುಗಿ ಪಾಳಿ ಮುಗಿಸಿಕೊಂಡು ಇತ್ತ ಬಂದಿರದಿದ್ರೆ ನಮಗೆ ಗೊತ್ತಾಗ್ತಿತ್ತಾ? ಗೊತ್ತಾಗಿಲ್ಲ ಅಂದ್ಕೋ."

"ಗೊತ್ತಾಗಿದೆಯಲ್ಲ."

"ನಿನ್ನ ನೀರಿನ ಬುದ್ಧಿ ಇಲ್ಲಿ ತರಬೇಡ ಕಣೇ. ಇದು ಕುಡಿದ್ರೆ ಯಾರಿಗೂ ವಾಂತಿಭೇದಿ ಆಗಲ್ಲ."

ವಾದಕ್ಕೆ ಬೇಕಾದ ಕಸುವು ಅವಳಲ್ಲಿ ಉಳಿದಿರಲಿಲ್ಲ. ಸುಮ್ಮನೆ ಹೂಂ ಎಂದುಬಿಟ್ಟರೆ ನಾಳೆಯೇ ಅಚ್ಚಿಗೆ ಹೋಗುತ್ತದೆ, ತಾನು ಮನೆಗೆ ಹೋಗಿ ಮಲಗಬಹುದು. ತನಗೂ ಬೇಕಾದದ್ದು ದೋಣಿಯೇ ಹೊರತು ಕಾಲಿಗೆ ಬೀಳುವ ಸೊಸೆಯಲ್ಲ. ಅದೇ ಅವಳನ್ನು ತಡೆಯುತ್ತಿತ್ತು. ತನಗೆ ಬೇಕಾದ ಉತ್ತರ ಬಂದಾಗಲೇ ಇನ್ನೊಮ್ಮೆ ಪರೀಕ್ಷಿಸಬೇಕೆಂದು ಪ್ರಯೋಗಾಲಯದಲ್ಲಿ ಹೊಸಬರಿಗೆ ಅವಳೇ ಹೇಳಿಕೊಡುತ್ತಿದ್ದದ್ದು.

ನಾಲ್ಕನೆಯ ದಿನ ನರ್ಸ್ ಪ್ರೂಫಿನೊಂದಿಗೆ ಬಂದಳು. ಕೂರದೆ ಮಾತಾಡಿದಳು.

"ಅವಳು ಹೊರಟಿದ್ದೇ ನಮಗ್ಯಾರಿಗೂ ಗೊತ್ತಿರಲಿಲ್ಲ ಮೇಡಂ. ಎಲ್ಲಿಂದಲೋ ವಾಪಸ್ ಬಂದ್ಲು ಅಂತಷ್ಟೇ. ಸಂತೆಗೋ ತವರಿಗೋ ಹೋಗಿದ್ಲೇನೋ ಅಂದ್ಕೊಂಡಿದ್ದೆ. ಹೊರಡೋಕೆ ಇನ್ನೂರು ಪುಟ ತಗೊಂಡಿದಾಳೆ. ಬರೋಕೆ ಹದಿನಾರು. ನಮ್ಮನೇಲಿ ಆ ಹದಿನಾರೇ ಕೊಟ್ರು." ಮೂಗು ಒರೆಸಿಕೊಂಡಳು. "ಆ ಬುದ್ಧಿವಾದ ಹಾಕ್ಬೇಡಿ. ನಂಗೆ ಕೇಳಿ ಕೇಳಿ ಸಾಕಾಗಿದೆ. ದೋಣಿಗೇ ಮುಗಿಸಿ."

ಅಣ್ಣನ ಮುಖ ಅರಳಿತು. "ನೋಡು, ವಾರಸುದಾರರೇ ಹೇಳ್ತಿದಾರೆ! ಇನ್ನೇನು ಬೇಕು ನಿಂಗೆ? ಆ ಯಮ್ಮನೇ ಎದ್ದು ಬರಬೇಕಾ?"

ತಂಗಿ ಎದ್ದು ಆ ದಪ್ಪ ರಟ್ಟನ್ನು ತಂದು ನರ್ಸಿನ ಮುಂದೆ ತೆರೆದು ಹಿಡಿದಳು.

"ಇಲ್ಲಿ ನೋಡಮ್ಮ, ಬೆನ್ನಿನ ಹತ್ರ. ಹರಿದುಹೋಗಿದ್ರೆ ಕಾಗದದ ನಾರು ಎದ್ದಿರ್ತಿತ್ತು. ಹುಳ ತಿಂದಿದ್ರೆ ತೂತು ಇರ್ತಿತ್ತು. ಇದು ನೇರ ಗೆರೆ. ಹೊಲಿಗೆಯ ದಾರನೂ ಒಂದೇ ಏಟಿಗೆ ತುಂಡಾಗಿದೆ."

ನರ್ಸ್ ಬಗ್ಗಿ ನೋಡಿದಳು. ದಿನಾ ಗಾಯ ನೋಡುವವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. "ಬ್ಲೇಡು," ಎಂದಳು.

"ನಿಮ್ಮನೇಲಿ ಯಾರಿಗೋ ಹೊರಟುಹೋಗೋ ಸೊಸೆ ಬೇಡವಾಗಿದ್ಲು, ಮೊದಲಿಂದ ಕತ್ತರಿಸಿದ್ರು. ನಮಗೆ ವಾಪಸ್ ಬರೋ ಸೊಸೆ ಬೇಡ, ಕೊನೆಯಿಂದ ಕತ್ತರಿಸೋಣ ಅಂತಿದೀವಿ. ಬರೆದೋಳಿಗೆ ಮಾತ್ರ ಇಬ್ಬರೂ ಬೇಕಾಗಿದ್ರು."

ಕೆಳಗಿನ ಅಂಗಡಿಯಲ್ಲಿ ಯಾರೋ ಅಕ್ಷರಗಳನ್ನು ಒಂದೊಂದಾಗಿ ಓದಿ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. ನರ್ಸ್ ಕತ್ತರಿಸಿದ ಅಂಚಿನ ಮೇಲೆ ಬೆರಳೆಳೆದು ರಟ್ಟು ಮುಚ್ಚಿದಳು.

"ಇದು ನಂಗೆ ವಾಪಸ್ ಬೇಡ. ಅಚ್ಚಾದ ಮೇಲೆ ಪೂರ್ತೀದು ಒಂದು ಕೊಡಿ. ಮಗಳು ಬೆಳೀತಿದಾಳೆ," ಎಂದು ಮೆಟ್ಟಿಲಿಳಿದು ಹೋದಳು.

ಅಣ್ಣ ತಂಗಿಯನ್ನು ಬೈಯಬಹುದಿತ್ತು. ಬೈಯಲಿಲ್ಲ. ಫೋನೆತ್ತಿ ಓದುಗರ ಸಂಘದ ಅಧ್ಯಕ್ಷೆಗೆ ಎಲ್ಲ ಹೇಳಿದ. ಆ ಕಡೆಯಿಂದ ಬಹಳ ಹೊತ್ತು ಮಾತು ಬಂತು, ಅಣ್ಣ ಹೂಂಗುಟ್ಟಿದ.

"ಯೋಚಿಸಿ ಹೇಳ್ತಾರಂತೆ."

"ಅಂದ್ರೆ?"

"ಮದುವೆ ಮಾತುಕತೆಯಲ್ಲಿ ಹುಡುಗನ ಕಡೆಯೋರು ಯೋಚಿಸಿ ಹೇಳ್ತೀವಿ ಅಂದ್ರೆ ಏನೋ, ಅದೇ." ಅಣ್ಣ ಒಳಗಿನ ಕೋಣೆಯ ಕಟ್ಟುಗಳ ಕಡೆ ನೋಡಿದ. "ಇವಕ್ಕೊಬ್ಬಳು ತಂಗಿ ಬಂದ ಹಾಗಾಯ್ತು. ಕೋಣೆ ಬಿಡ್ತೀವಿ ಅಂತ ಕನ್ನಡಕದವನಿಗೆ ಈ ತಿಂಗಳೇ ಹೇಳ್ಬಿಡ್ಲಾ?"

"ಪುಸ್ತಕ ಬಂದ ಮೇಲೆ ಹೇಳು."

ತಂಗಿ ಮೇಜಿಗೆ ಮರಳಿ ತನ್ನ ಹಿನ್ನುಡಿಯ ಮೊದಲ ಸಾಲನ್ನು ಹೊಡೆದು ಹಾಕಿದಳು. ಅದರ ಜಾಗಕ್ಕೆ ಏನೂ ಹೊಳೆಯಲಿಲ್ಲ. ಎರಡು ಪ್ರತಿ ಎಲ್ಲೆಲ್ಲಿ ಸಿಕ್ಕವು, ಯಾವುದು ಎಲ್ಲಿ ತುಂಡಾಗಿತ್ತು ಎಂದಷ್ಟೇ ವರದಿಯ ಹಾಗೆ ಬರೆದಳು. ಹದಿನಾರು ಪುಟದ ಟೈಪಿಂಗ್ ಮರುದಿನ ಮುಗಿಯಿತು. ಮಧ್ಯಾಹ್ನ ಅಣ್ಣ ಎರಡು ಲೋಟ ಚಹಾ ತಂದು, ಕುರ್ಚಿ ಎಳೆದುಕೊಂಡು, ಹಳೆಯ ಹಾಳೆಗಳನ್ನು ಕೈಗೆತ್ತಿಕೊಂಡ. ಅವಳು ಪ್ರೂಫಿನ ಮೇಲೆ ಬೆರಳಿಟ್ಟಳು.

"ಹೆಣ್ಣಾದವಳು ಅಲ್ಪವಿರಾಮ ಭೂಮಿಯಂತೆ ತಾಳ್ಮೆಯುಳ್ಳವಳಾಗಿ ಅಲ್ಪವಿರಾಮ..." ಅಣ್ಣ ಆಕಳಿಸಿದ. "ನಡು ಸಾಲಲ್ಲೇ ನಿದ್ದೆ ಬರುತ್ತಲ್ಲೇ. ಇನ್ನೂರು ಪುಟ ಹಾಗೆ ಬರೆದೋಳು ಕೊನೇಲಿ ಯಾಕೆ ಹೀಗೆ ಮಾಡಿದ್ಲು?"

ಅವಳು ಕನ್ನಡಕ ಹಣೆಗೇರಿಸಿ ಕಣ್ಣುಜ್ಜಿಕೊಂಡಳು.

"ಸುಸ್ತಾಗಿತ್ತೇನೋ," ಎಂದಳು. "ಮುಂದೆ ಓದು."